ಜಾರುಬಂಡಿಯನ್ನು ಎಳೆದವರು

ಕಳೆದ ಮಳೆಗಾಲದ ಒಂದು ಮಧ್ಯಾಹ್ನ. ಮೂಡುಬಿದಿರೆಯ ಕಾಲೇಜೊಂದರ ತರಗತಿಯಲ್ಲಿ ನಾನು ಟಾಲ್‌ಸ್ಟಾಯ್ 1895ರಲ್ಲಿ ಪ್ರಕಟಿಸಿದ ‘ಯಜಮಾನ ಮತ್ತು ಆಳು’ ಎಂಬ ಕಥೆಯನ್ನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಹೊರಗೆ ಆಟಿ ತಿಂಗಳ ಮಳೆ; ಒಳಗೆ ರಷ್ಯಾದ ಹಿಮಪಾತ. ಮಾಡಿನ ಮೇಲೆ ಸುರಿಯುವ ನೀರಿನ ಸದ್ದನ್ನು ಮೀರಿ ಹಿಮದ ಮೌನವನ್ನು ವರ್ಣಿಸುವುದು ಸುಲಭದ ಕೆಲಸವಲ್ಲ. ಆದರೂ ವ್ಯಾಪಾರಿ ವಸೀಲಿಯನ್ನೂ ಅವನ ಆಳು ನಿಕೀತನನ್ನೂ ಜಾರುಬಂಡಿಯಲ್ಲಿ ಕೂರಿಸಿ, ಕಾಡೊಂದನ್ನು ಅಗ್ಗಕ್ಕೆ ಕೊಳ್ಳುವ ವ್ಯವಹಾರಕ್ಕಾಗಿ ನೆರೆಯೂರಿಗೆ ಹೊರಡಿಸಿಬಿಟ್ಟಿದ್ದೆ. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ.

“ಸರ್, ಜಾರುಬಂಡಿ ಅಂದರೆ ಪಾರ್ಕಿನಲ್ಲಿ ಮಕ್ಕಳು ಜಾರುವುದಲ್ವಾ? ಅದರಲ್ಲಿ ಕೂತು ಬೇರೆ ಊರಿಗೆ ಹೋಗುವುದು ಹೇಗೆ?”

ತರಗತಿ ಗೊಳ್ಳೆಂದು ನಕ್ಕಿತು. ಹುಡುಗನ ಸಂದೇಹದಲ್ಲಿ ತಪ್ಪೇನೂ ಇರಲಿಲ್ಲ. ನಾನು ಉತ್ತರಕ್ಕಾಗಿ ತಡಕಾಡುತ್ತಿರುವಾಗ ಬೆಳ್ತಂಗಡಿಯ ಕಡೆಯಿಂದ ಬರುವ ಹುಡುಗಿಯೊಬ್ಬಳು ಕುಳಿತಲ್ಲಿಂದಲೇ ಹೇಳಿದಳು: “ಹಾಳೆಯಲ್ಲಿ ಕೂತು ಎಳೆಸಿಕೊಳ್ಳುತ್ತೇವಲ್ಲ ಸರ್, ಹಾಗೆ.”

ಒಡನೆಯೇ ಎಲ್ಲರಿಗೂ ಅರ್ಥವಾಯಿತು. ಹಿಮವನ್ನು ಎಂದೂ ಕಾಣದ ನಲವತ್ತು ಮಕ್ಕಳ ಕಣ್ಣಮುಂದೆ ರಷ್ಯಾದ ವಾಹನ ಅಡಿಕೆಯ ಹಾಳೆಯಾಗಿ ಬಂದು ನಿಂತಿತು. ಪಾಠ ಮುಂದುವರಿಯಿತು, ಗಂಟೆ ಹೊಡೆಯಿತು, ಎಲ್ಲರೂ ಕೊಡೆ ಬಿಡಿಸಿಕೊಂಡು ಹೋದರು. ನನ್ನ ಮನಸ್ಸಿನಲ್ಲಿ ಮಾತ್ರ ಆ ಹುಡುಗಿಯ ಒಂದು ಮಾತು ಉಳಿದುಕೊಂಡಿತು. ಅದು ‘ಹಾಳೆ’ ಎಂಬ ಮಾತಲ್ಲ. ‘ಎಳೆಸಿಕೊಳ್ಳುವುದು’ ಎಂಬ ಮಾತು.

ಕನ್ನಡ ಕಲಿಸುವವನಿಗೆ ಮಾತುಗಳನ್ನು ಬಿಚ್ಚಿ ನೋಡುವ ಚಟ ಬಿಡುವುದಿಲ್ಲ. ಮೊದಲು ‘ಜಾರುಬಂಡಿ’ಯನ್ನೇ ನೋಡೋಣ. ಮಕ್ಕಳು ಜಾರುವುದು ನಿಜವಾಗಿ ‘ಜಾರುಬಂಡೆ’. ಊರ ಹೊರಗಿನ ಓರೆಯಾದ ಬಂಡೆಗಲ್ಲಿನ ಮೇಲೆ ಚಡ್ಡಿ ಸವೆಯುವವರೆಗೆ ಜಾರುತ್ತಿದ್ದ ಕಾಲದ ಹೆಸರು ಅದು. ಕಲ್ಲು ಹೋಗಿ ಕಬ್ಬಿಣದ ತಗಡು ಬಂದರೂ ಹೆಸರು ಉಳಿಯಿತು. ಹಲವರ ಬಾಯಲ್ಲಿ ಬಂಡೆಯೇ ಬಂಡಿಯಾಯಿತು. ಇತ್ತ ಇಂಗ್ಲಿಷಿನ ‘ಸ್ಲೆಡ್ಜ್’ ಎಂಬುದಕ್ಕೆ ಕನ್ನಡದ ಮಾತು ಬೇಕಾದಾಗ ನಮ್ಮವರು ‘ಜಾರುಬಂಡಿ’ ಎಂದರು. ಬಂಡಿಯೆಂದರೆ ನಮಗೆ ಗಾಲಿಯಿರುವುದು. ಗಾಲಿಯಿಲ್ಲದ ಬಂಡಿಯೆಂಬುದು ನೀರಿಲ್ಲದ ಕೆರೆಯ ಹಾಗೆ. ಆದರೂ ಆ ಹೆಸರು ನಿಂತಿತು. ಕಾಣದ ವಸ್ತುವಿಗೆ ಕಂಡ ವಸ್ತುವಿನ ಹೆಸರನ್ನು ಸ್ವಲ್ಪ ತಿದ್ದಿ ಕೊಡುವುದು ಎಲ್ಲ ಭಾಷೆಗಳೂ ಮಾಡುವ ಕೆಲಸವೇ.

ಇಂಗ್ಲಿಷಿನವರ ಸ್ಥಿತಿಯೂ ಬೇರೆಯಲ್ಲ. ಈ ವಾಹನಕ್ಕೆ ಅವರಲ್ಲಿ ‘ಸ್ಲೆಡ್’, ‘ಸ್ಲೆಡ್ಜ್’, ‘ಸ್ಲೇ’ ಎಂದು ಮೂರು ಹೆಸರುಗಳಿವೆ. ಮೂರೂ ಒಂದೇ ಮನೆತನದವು, ಮೂರೂ ಸಾಲ ತಂದವು. ಮೊದಲಿನೆರಡು ಡಚ್ಚರಿಂದಲೂ ಅವರ ನೆರೆಯ ಜರ್ಮನ್ ಕರಾವಳಿಯವರಿಂದಲೂ ಬಂದವು. ಮೂರನೆಯದು ಅಮೆರಿಕಕ್ಕೆ ಹೋಗಿ ನೆಲಸಿದ ಡಚ್ಚರ ಬಾಯಿಂದ ಬಂತು. ನಾಲ್ಕನೆಯದಾದ ‘ಟೊಬಾಗನ್’ ಎಂಬುದು ಕೆನಡದ ಮೂಲನಿವಾಸಿಗಳಾದ ಮಿಕ್‌ಮಾಕ್ ಜನರದು. ಫ್ರೆಂಚರ ಕೈದಾಟಿ ಇಂಗ್ಲಿಷಿಗೆ ಸೇರಿತು. ಮೊದಲಿನ ಮೂರು ಮಾತುಗಳ ಬೇರು ಹಿಡಿದು ಹೋದರೆ ಸಿಕ್ಕುವುದು ‘ಸ್ಲೈಡ್’, ಅಂದರೆ ಜಾರು. ನಮ್ಮವರು ತಿಳಿದೋ ತಿಳಿಯದೆಯೋ ಬೇರನ್ನೇ ಅನುವಾದಿಸಿದ್ದಾರೆ.

ಇಲ್ಲೊಂದು ವ್ಯಾಕರಣದ ಸೂಕ್ಷ್ಮವಿದೆ. ‘ಜಾರು’ ಎಂಬುದು ಅಕರ್ಮಕ ಧಾತು. ಬಂಡಿ ಜಾರುತ್ತದೆ, ವಾಕ್ಯ ಅಲ್ಲಿಗೆ ಮುಗಿಯಿತು. ಇನ್ನೊಬ್ಬರ ಅಗತ್ಯ ಆ ವಾಕ್ಯಕ್ಕಿಲ್ಲ. ‘ಎಳೆ’ ಎಂಬುದಾದರೋ ಸಕರ್ಮಕ. ಎಳೆದವರು ಯಾರು, ಏನನ್ನು ಎಳೆದರು ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಹೇಳದೆ ಆ ವಾಕ್ಯ ನಿಲ್ಲಲಾರದು. ‘ಎಳೆಸಿಕೊಳ್ಳು’ ಎಂದಾಗ ಮೂರನೆಯ ಸಂಗತಿಯೂ ಹೊರಬೀಳುತ್ತದೆ: ಕುಳಿತವನೊಬ್ಬನಿದ್ದಾನೆ, ಸುಖ ಅವನದು. ಸಪಾಟು ನೆಲದ ಮೇಲೆ ಯಾವ ಬಂಡಿಯೂ ತಾನಾಗಿ ಜಾರುವುದಿಲ್ಲ. ಕುದುರೆಯೋ ನಾಯಿಯೋ ಹಿಮಸಾರಂಗವೋ ಮನುಷ್ಯನೋ ಎಳೆದಾಗಲೇ ಅದು ಜಾರುತ್ತದೆ. ಕುಳಿತವನು ಹೆಸರಿಟ್ಟಿದ್ದರಿಂದ ‘ಜಾರುಬಂಡಿ’ಯಾಯಿತು, ಎಳೆದವನನ್ನು ಕೇಳಿದ್ದರೆ ‘ಎಳೆಬಂಡಿ’ ಎನ್ನುತ್ತಿದ್ದನೋ ಏನೋ.

ಸಂಸ್ಕೃತದ ‘ವಾಹನ’ ಎಂಬ ಮಾತು ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕವಾಗಿತ್ತು. ‘ವಹ್’ ಎಂದರೆ ಹೊರು, ಒಯ್ಯು. ಶಿವನ ವಾಹನ ನಂದಿ, ಗಣಪತಿಯದು ಇಲಿ, ಷಣ್ಮುಖನದು ನವಿಲು. ಅಲ್ಲಿ ವಾಹನವೆಂದರೆ ಹೊರುವ ಜೀವ. ಅದಕ್ಕೆ ಹೆಸರಿದೆ, ಗುಡಿಯಲ್ಲಿ ಸ್ಥಾನವಿದೆ, ದೇವರಿಗಿಂತ ಮೊದಲು ಅದಕ್ಕೆ ಕೈಮುಗಿಯುವವರಿದ್ದಾರೆ. ಇಂದು ವಾಹನವೆಂದರೆ ಬಂಟ್ವಾಳದ ಹೆದ್ದಾರಿಯಲ್ಲಿ ಸಾಲುಗಟ್ಟಿ ನಿಲ್ಲುವ ಲಾರಿ, ಬಸ್ಸು, ಕಾರು. ಮಾತು ಜೀವವನ್ನು ಬಿಟ್ಟು ಯಂತ್ರವನ್ನು ಸೇರಿತು. ಅದೇ ಧಾತುವಿನ ಇನ್ನೊಂದು ಮಾತು ಮಾತ್ರ ನಮ್ಮ ಕನ್ನಡದಲ್ಲಿ ಹಳೆಯ ಅರ್ಥವನ್ನು ಕಾಪಾಡಿಕೊಂಡಿದೆ: ‘ವಹಿಸು’. ಹೊಣೆ ವಹಿಸುತ್ತೇವೆ, ಜವಾಬ್ದಾರಿ ವಹಿಸಿಕೊಳ್ಳುತ್ತೇವೆ. ವಾಹನಕ್ಕೂ ಹೊಣೆಗೂ ಮೂಲ ಒಂದೇ ಎಂಬುದು ಮರೆಯುವಂಥ ಸಂಗತಿಯಲ್ಲ.

ಹೆಸರಿನಲ್ಲಿ ಮರೆಯಾದವರನ್ನು ಹುಡುಕುತ್ತ ಹಿಮದ ನಾಡಿಗೇ ಒಮ್ಮೆ ಹೋಗಿ ಬರೋಣ. ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದವನು ನಾರ್ವೆಯ ಅಮುಂಡ್ಸನ್. ದಿನ 1911ರ ಡಿಸೆಂಬರ್ 14. ಇದು ಸ್ಪರ್ಧಾಪರೀಕ್ಷೆಗೆ ಓದುವ ಮಕ್ಕಳಿಗೆಲ್ಲ ಬಾಯಿಪಾಠ. ಅವನ ತಂಡ ಕೊನೆಯ ಪಯಣಕ್ಕೆ ಹೊರಟಾಗ ಐವರು ಮನುಷ್ಯರು, ನಾಲ್ಕು ಜಾರುಬಂಡಿಗಳು, 52 ನಾಯಿಗಳು ಇದ್ದವು. 1912ರ ಜನವರಿ 25ರಂದು ನೆಲೆಗೆ ಹಿಂದಿರುಗಿದಾಗ ಐವರು ಮನುಷ್ಯರೂ ಕ್ಷೇಮವಾಗಿದ್ದರು. ನಾಯಿಗಳು ಉಳಿದದ್ದು 11. ಬಹುಪಾಲು ನಾಯಿಗಳನ್ನು ಕೊಂದು ಉಳಿದ ನಾಯಿಗಳಿಗೂ ಮನುಷ್ಯರಿಗೂ ಆಹಾರ ಮಾಡುವುದು ಮೊದಲೇ ಹಾಕಿಕೊಂಡ ಲೆಕ್ಕವಾಗಿತ್ತು. ಎಳೆದವರೇ ದಾರಿಯ ಬುತ್ತಿಯಾದರು.

ಅವನ ಬೆನ್ನಲ್ಲೇ ಹೊರಟ ಇಂಗ್ಲೆಂಡಿನ ಸ್ಕಾಟ್ ಕೊನೆಯ ಹಂತದಲ್ಲಿ ಜಾರುಬಂಡಿಗೆ ತನ್ನನ್ನೂ ಸಂಗಡಿಗರನ್ನೂ ಹೂಡಿಕೊಂಡ. 1912ರ ಜನವರಿ 17ರಂದು ಧ್ರುವ ತಲುಪಿದ ಐವರಲ್ಲಿ ಒಬ್ಬನೂ ಹಿಂದಿರುಗಲಿಲ್ಲ. ಕೆಲವು ತಿಂಗಳ ಅನಂತರ ಶೋಧಕರಿಗೆ ಡೇರೆ ಸಿಕ್ಕಿದಾಗ ಅವರು ಕೊನೆಯವರೆಗೂ ಎಳೆದು ತಂದಿದ್ದ 35 ಪೌಂಡು ತೂಕದ ಶಿಲೆಯ ಮಾದರಿಗಳು ಅಲ್ಲಿದ್ದವು. ಇವರಲ್ಲಿ ಯಾರು ಸರಿ, ಯಾರು ತಪ್ಪು ಎಂದು ಬೆಚ್ಚನೆಯ ಕರಾವಳಿಯಲ್ಲಿ ಕುಳಿತು ತೀರ್ಪು ಕೊಡುವುದು ನನ್ನ ಉದ್ದೇಶವಲ್ಲ. ಒಂದೇ ಒಂದು ಮಾತು: ‘ಜಾರುಬಂಡಿಯಲ್ಲಿ ಧ್ರುವ ತಲುಪಿದರು’ ಎಂಬ ವಾಕ್ಯ ಇಬ್ಬರಿಗೂ ಹೊಂದುತ್ತದೆ. ‘ಯಾರು ಎಳೆದರು?’ ಎಂದು ಕೇಳಿದಾಗಲೇ ಎರಡೂ ಬೇರೆ ಬೇರೆ ಕಥೆಗಳಾಗುತ್ತವೆ.

ಜಾರುವ ವಾಹನವೆಂದರೆ ಹಿಮದ ನಾಡಿನ ಸೊತ್ತೆಂದೂ ತಿಳಿಯಬೇಕಾಗಿಲ್ಲ. ಬೇಕಾದದ್ದು ನೆಲ ನುಣುಪಾಗುವುದಷ್ಟೇ. ಈಜಿಪ್ಟಿನಲ್ಲಿ ಕ್ರಿಸ್ತಪೂರ್ವ 1900ರ ಸುಮಾರಿಗೆ ಸೇರಿದ ಜೆಹುತಿಹೋಟೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿ ಒಂದು ಚಿತ್ರವಿದೆ. ಬೃಹತ್ ವಿಗ್ರಹವೊಂದು ಗಾಲಿಯಿಲ್ಲದ ಬಂಡಿಯ ಮೇಲೆ ಕುಳಿತಿದೆ. 172 ಜನ ಹಗ್ಗ ಹಿಡಿದು ಎಳೆಯುತ್ತಿದ್ದಾರೆ. ಬಂಡಿಯ ಮೂತಿಯಲ್ಲಿ ನಿಂತ ಒಬ್ಬ ಮರಳಿನ ಮೇಲೆ ನೀರು ಹೊಯ್ಯುತ್ತಿದ್ದಾನೆ. ನೀರನ್ನು ಹದವರಿತು ಹೊಯ್ದರೆ ಮರಳಿನ ಮೇಲೆ ಎಳೆಯುವ ಶ್ರಮ ಸುಮಾರು ಅರ್ಧಕ್ಕಿಳಿಯುತ್ತದೆಂದು ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2014ರಲ್ಲಿ ತೋರಿಸಿಕೊಟ್ಟರು. ಅವರಿಗೆ ಹಿಮವಿರಲಿಲ್ಲ, ಮರಳಿತ್ತು. ನಮಗೆ ಕೆಸರಿದೆ.

ಕೆಸರೆಂದೊಡನೆ ನಮ್ಮ ಕಡೆಯ ಓದುಗರಿಗೆ ಕಂಬಳ ನೆನಪಾಗದಿರದು. ಮೂಡುಬಿದಿರೆಯ ಕಡಲಕೆರೆಯ ಕೋಟಿ-ಚೆನ್ನಯ, ಬೆಳ್ತಂಗಡಿ ತಾಲೂಕಿನ ವೇಣೂರಿನ ಸೂರ್ಯ-ಚಂದ್ರ, ಬಂಟ್ವಾಳ ತಾಲೂಕಿನ ಹೊಕ್ಕಾಡಿಗೋಳಿಯ ವೀರ-ವಿಕ್ರಮ — ಹೀಗೆ ಜೋಡುಕರೆಗಳಿಗೆ ವೀರರ, ಗ್ರಹಗಳ ಹೆಸರುಗಳು. ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳು. ಅಡ್ಡಹಲಗೆಯ ಓಟದಲ್ಲಿ ಮನುಷ್ಯ ಓಡುವುದಿಲ್ಲ. ಗದ್ದೆ ಸಮಮಾಡುವ ಹಲಗೆಯ ಮೇಲೆ ನಿಲ್ಲುತ್ತಾನೆ, ಕೋಣಗಳು ಎಳೆಯುತ್ತವೆ, ಹಲಗೆ ಕೆಸರಿನ ಮೇಲೆ ಜಾರುತ್ತದೆ. ಕನೆಹಲಗೆಯಲ್ಲಿ ತೂತುಗಳಿಂದ ನೀರು ಕಾರಂಜಿಯಂತೆ ಚಿಮ್ಮಿ ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು; ಆರೂವರೆ ಕೋಲು, ಏಳೂವರೆ ಕೋಲು ಎಂದು ಅದಕ್ಕೆ ಲೆಕ್ಕ. ಇದಕ್ಕಿಂತ ಸ್ಪಷ್ಟವಾದ ಜಾರುಬಂಡಿಯನ್ನು ರಷ್ಯಾದಿಂದ ತರಿಸಬೇಕಾಗಿಲ್ಲ.

ಹಲಗೆಯೂ ಹಾಳೆಯೂ ಕನ್ನಡದ ಇತಿಹಾಸವನ್ನು ಬೆನ್ನಮೇಲೆ ಹೊತ್ತ ಮಾತುಗಳು. ಹಳಗನ್ನಡದಲ್ಲಿ ‘ಪಲಗೆ’ಯಾಗಿದ್ದುದು ಪಕಾರ ಹಕಾರವಾದ ಕಾಲದಲ್ಲಿ ‘ಹಲಗೆ’ಯಾಯಿತು. ತುಳುವಿನವರು ಆ ಬದಲಾವಣೆಗೆ ಒಪ್ಪಲಿಲ್ಲ. ನಮ್ಮ ಹೂವು ಅವರಲ್ಲಿ ‘ಪೂ’, ಹುಲಿ ‘ಪಿಲಿ’, ಹಂದಿ ‘ಪಂಜಿ’. ಹಾಗೆಯೇ ಹಲಗೆ ‘ಪಲಾಯಿ’, ಹಾಳೆ ‘ಪಾಳೆ’. ಕನ್ನಡದಲ್ಲಿ ಹಾಳೆಗೆ ಇನ್ನೊಂದು ಅರ್ಥವೂ ಇದೆ. ತೋಟದಲ್ಲಿ ಬಿದ್ದದ್ದೂ ಹಾಳೆ, ವಾಚಕರು ಈಗ ಕೈಯಲ್ಲಿ ಹಿಡಿದಿರುವುದೂ ಹಾಳೆ.

ಕಂಬಳದ ಮರುದಿನ ಪತ್ರಿಕೆಯ ಹಾಳೆಯಲ್ಲಿ ಫಲಿತಾಂಶ ಬರುತ್ತದೆ. ಕೋಣಗಳ ಯಜಮಾನರ ಮನೆತನದ ಹೆಸರು, ಬಳಿಕ ‘ಓಡಿಸಿದವರು’ ಇಂಥವರು, ‘ಹಲಗೆ ಮುಟ್ಟಿದವರು’ ಇಂಥವರು. ಓಡಿದವುಗಳ ಹೆಸರಿಗೆ ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಜಾಗವಿಲ್ಲ. ಮನೆಯವರು ಪ್ರೀತಿಯಿಂದ ಕರೆಯುವ ಹೆಸರು ಅವಕ್ಕಿಲ್ಲವೆಂದಲ್ಲ. ಪಟ್ಟಿಗೆ ಅದು ಬೇಡ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಲೋಕವೆಲ್ಲ ಅವರನ್ನು ಉಸೇನ್ ಬೋಲ್ಟ್ ಜತೆಗಿಟ್ಟು ತೂಗಿತು. ಆ ಗದ್ದಲದ ನಡುವೆ ಅವರು ಆಡಿದ ಮಾತೊಂದನ್ನು ನಾನು ಮರೆತಿಲ್ಲ: ಈ ಕೀರ್ತಿಯಲ್ಲಿ ನನ್ನ ಕೋಣಗಳಿಗೂ ಪಾಲಿದೆ ಎಂಬ ಅರ್ಥದ ಮಾತು. ಕಂಬಳದ ನ್ಯಾಯಾನ್ಯಾಯದ ವಿಚಾರ 2014ರಿಂದ ಸರ್ವೋಚ್ಚ ನ್ಯಾಯಾಲಯದ ಮುಂದೆ ಹೋಗಿ, ರಾಜ್ಯ ಕಾಯಿದೆಯನ್ನು ತಿದ್ದಿ, 2023ರ ಮೇ ತಿಂಗಳಲ್ಲಿ ಸಂವಿಧಾನಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನ್ಯಾಯಾಲಯ ಕಾನೂನಿನ ಪ್ರಶ್ನೆಗೆ ಉತ್ತರ ಕೊಟ್ಟಿತು. ಎಳೆಯುವ ಜೀವವನ್ನು ಹೇಗೆ ನೋಡಿಕೊಳ್ಳುತ್ತೇವೆ ಎಂಬ ಪ್ರಶ್ನೆ ಪ್ರತಿಯೊಂದು ಹಟ್ಟಿಯಲ್ಲೂ ದಿನದಿನವೂ ಉತ್ತರಿಸಬೇಕಾದದ್ದು.

ಇಷ್ಟು ದೂರ ಬಂದಮೇಲೆ ನನ್ನ ಹಾಳೆಯ ವಿಚಾರವನ್ನು ಮುಚ್ಚಿಡುವುದು ಸರಿಯಲ್ಲ.

ನನ್ನ ಬಾಲ್ಯ ಕಳೆದದ್ದು ಬೆಳ್ತಂಗಡಿ ತಾಲೂಕಿನ ಒಂದು ಅಡಿಕೆ ತೋಟದಲ್ಲಿ. ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದವರ ಮಗ ನನ್ನ ಓರಗೆಯವನು. ಸೋಗೆ ಬಿದ್ದ ಸದ್ದು ಕೇಳಿದರೆ ಸಾಕು, ಇಬ್ಬರೂ ತೋಟಕ್ಕೆ ಓಡುವುದು. ಅಗಲವಾದ ಹಾಳೆಯನ್ನು ಆರಿಸಿ ಅಂಗಳಕ್ಕೆ ತಂದರೆ ಅದೇ ನಮ್ಮ ರಥ. ಒಬ್ಬ ಹಾಳೆಯ ಮೇಲೆ ಕಾಲು ಮಡಚಿ ಕೂರಬೇಕು, ಇನ್ನೊಬ್ಬ ಸೋಗೆಯ ತುದಿಯನ್ನು ಹಿಡಿದು ಎಳೆಯಬೇಕು. ಶಾಲೆಯ ಮಕ್ಕಳೆಲ್ಲ ಆಡುವಾಗ ಈ ಆಟಕ್ಕೊಂದು ಕಟ್ಟುನಿಟ್ಟಾದ ನಿಯಮವಿತ್ತು: ಒಂದು ಸುತ್ತು ಕೂತವನು ಮುಂದಿನ ಸುತ್ತು ಎಳೆಯಬೇಕು. ತಪ್ಪಿಸಿಕೊಂಡವನನ್ನು ಆಟಕ್ಕೇ ಸೇರಿಸುತ್ತಿರಲಿಲ್ಲ. ನಮ್ಮ ಅಂಗಳದಲ್ಲಿ ಮಾತ್ರ ಆ ನಿಯಮ ಇರಲಿಲ್ಲ. ಅಲ್ಲಿ ಕೂರುತ್ತಿದ್ದವನು ನಾನು, ಎಳೆಯುತ್ತಿದ್ದವನು ಅವನು. ಹಾಗೆಂದು ಯಾರೂ ಹೇಳಿರಲಿಲ್ಲ. ನಾನು ಗದರಿಸಿದ್ದಿಲ್ಲ, ಅವನು ಮುನಿದದ್ದಿಲ್ಲ. ನಾನು ಕೂತೆ, ಅವನು ಎಳೆದ. ಹಾಳೆ ಜಾರುತ್ತಿತ್ತು, ನನ್ನ ಮಟ್ಟಿಗೆ ಅದು ತಾನಾಗಿಯೇ ಜಾರುತ್ತಿತ್ತು.

ಹತ್ತಿರ ಹತ್ತಿರ ಮೂವತ್ತೈದು ವರ್ಷಗಳ ಬಳಿಕ ಮೊನ್ನೆ ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಬಸ್ಸು ಕಾಯುತ್ತಿದ್ದಾಗ ಅವನೇ ಗುರುತು ಹಿಡಿದು ಮಾತಾಡಿಸಿದ. ಈಗ ಅಡಿಕೆ ಹಾಳೆಯಿಂದ ಊಟದ ತಟ್ಟೆ ಮಾಡುವ ಯಂತ್ರವಿಟ್ಟುಕೊಂಡು ನಾಲ್ಕು ಜನರಿಗೆ ಕೆಲಸ ಕೊಟ್ಟಿದ್ದಾನೆ. ಚಾ ಕುಡಿಯುತ್ತ ತುಳುವಿನಲ್ಲಿ ಹಳೆಯದನ್ನೆಲ್ಲ ಮಾತಾಡಿದೆವು. ತರಗತಿಯ ಪ್ರಸಂಗ ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ ನಾನು ಕೇಳಿಯೇಬಿಟ್ಟೆ: “ನನ್ನನ್ನು ಹಾಳೆಯಲ್ಲಿ ಕೂರಿಸಿ ಎಷ್ಟು ಎಳೆದಿದ್ದೀಯಲ್ಲ ಮಾರಾಯ, ನೆನಪುಂಟಾ?”

ಅವನು ನಕ್ಕ. “ಎಳೆದದ್ದು ಸರಿಯಾಗಿ ನೆನಪಿಲ್ಲ ಮಾಸ್ಟ್ರೇ. ಒಂದು ಸಲ ಹಾಳೆ ಹರಿದದ್ದಕ್ಕೆ ನೀವು ಬೈದದ್ದು ನೆನಪುಂಟು.”

ಅಷ್ಟರಲ್ಲಿ ಅವನ ಬಸ್ಸು ಬಂತು. ಚಾದ ದುಡ್ಡನ್ನು ನಾನು ಕೊಡುವ ಮೊದಲೇ ಅವನು ಕೊಟ್ಟಾಗಿತ್ತು.

ಬೈದದ್ದು ನನಗೆ ನೆನಪಿಲ್ಲ. ಆದರೆ ಅವನು ಸುಳ್ಳು ಹೇಳುವವನಲ್ಲ. ಹಾಳೆ ಹರಿಯುವುದು ಕೂತವನ ಭಾರಕ್ಕೆ. ಬೈಗುಳ ಬಿದ್ದದ್ದು ಎಳೆದವನಿಗೆ. ನನಗೆ ಆ ದಿನ ಹಾಳೆ ಹರಿದದ್ದು ಮಾತ್ರ ಕಂಡಿರಬೇಕು.

ವಾಚಕರಲ್ಲಿ ಕೆಲವರು ಇಲ್ಲಿ ಆಕ್ಷೇಪಿಸಬಹುದು. “ಮಕ್ಕಳಾಟದ ನಿಯಮವನ್ನು ಸಂಸಾರಕ್ಕೆ ತಂದು ಹಚ್ಚುವುದು ಸರಿಯೆ? ಎಲ್ಲರೂ ಎಲ್ಲವನ್ನೂ ಸರದಿಯಂತೆ ಎಳೆಯುತ್ತ ಹೋದರೆ ಲೋಕ ನಡೆದೀತೆ? ವೈದ್ಯ ಒಂದು ದಿನ ಬಸ್ಸು ಓಡಿಸಿ, ಚಾಲಕ ಒಂದು ದಿನ ಶಸ್ತ್ರಚಿಕಿತ್ಸೆ ಮಾಡಬೇಕೆ? ಎಳೆದವನಿಗೆ ಕೂಲಿ ಕೊಟ್ಟೆವು, ಟಿಕೇಟಿಗೆ ದುಡ್ಡು ಕೊಟ್ಟೆವು, ಋಣ ತೀರಿತಲ್ಲ?” ಈ ಮಾತಿನಲ್ಲಿ ಹುರುಳಿದೆ. ಕೂಲಿಯೂ ಒಂದು ಬಗೆಯ ಸರದಿಯೇ. ಅವನು ನಮಗಾಗಿ ಎಳೆದ, ನಾವು ಬೇರೆಲ್ಲೋ ಬೇರೇನನ್ನೋ ಎಳೆದು ತಂದದ್ದನ್ನು ಅವನಿಗೆ ಕೊಟ್ಟೆವು. ನ್ಯಾಯವಾದ ಕೂಲಿಯಿದ್ದಲ್ಲಿ ಇದು ಸಲ್ಲುವ ವಾದ.

ಆದರೆ ಎರಡು ಕಡೆ ಅದು ಸಾಲದು. ಕೂಲಿ ಕೇಳಲಾರದ ಜೀವಗಳು ಎಳೆಯುವಾಗ ಲೆಕ್ಕ ತೀರಿತೆಂದು ಹೇಳುವವನು ಕುಳಿತವನೇ. ಆಚೆ ಪಕ್ಷದ ಸಾಕ್ಷಿಯಿಲ್ಲ. ಇನ್ನು, ಕೂಲಿ ಪಡೆಯುವ ಮನುಷ್ಯನ ವಿಷಯದಲ್ಲಿಯೂ ದುಡ್ಡು ತೀರಿಸುವುದು ದುಡ್ಡಿನ ಋಣವನ್ನು. ಎಳೆದವನನ್ನು ನಾವು ಕಂಡೆವೆ ಎಂಬುದು ಬೇರೆಯೇ ಪ್ರಶ್ನೆ. ‘ಬಸ್ಸು ತಡವಾಯಿತು’ ಎನ್ನುತ್ತೇವೆ. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು ಇಳಿದುಬಂದ ಚಾಲಕ ಆ ವಾಕ್ಯದಲ್ಲಿಲ್ಲ. ‘ಪೇಪರು ಬಂತು’ ಎನ್ನುತ್ತೇವೆ, ಪತ್ರಿಕೆಗೆ ಕಾಲಿಲ್ಲ. ಮಳೆಯಲ್ಲಿ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದು ಜಗಲಿಗೆಸೆದ ಹುಡುಗನನ್ನು ಆ ಅಕರ್ಮಕ ಕ್ರಿಯಾಪದ ನುಂಗಿಬಿಟ್ಟಿತು. ತಡವಾದ ದಿನ ಮಾತ್ರ ಅವನು ನೆನಪಾಗುತ್ತಾನೆ — ಹಾಳೆ ಹರಿದ ದಿನ ನನ್ನ ಗೆಳೆಯ ನೆನಪಾದ ಹಾಗೆ.

ಎಳೆಯುವುದು ಸ್ವತಃ ಅವಮಾನದ ಕೆಲಸವಲ್ಲ. ಬಂಟ್ವಾಳ ತಾಲೂಕಿನ ಪೊಳಲಿಯಲ್ಲಿ ತೇರಿನ ದಿನ ನೋಡಿ. ಹಗ್ಗಕ್ಕೆ ಕೈ ತಾಗಿಸುವುದಕ್ಕಾಗಿ ಜನ ಒಬ್ಬರನ್ನೊಬ್ಬರು ನೂಕುತ್ತಾರೆ. ಮನೆಯಲ್ಲಿ ನೀರು ಸೇದದವರೂ ಅಲ್ಲಿ ತೇರೆಳೆಯುತ್ತಾರೆ. ಎಳೆಯುವವರಿಗೆಲ್ಲ ಅಲ್ಲಿ ಸಮಪಾಲು. ಮೇಲೆ ಕೂರುವ ಹಕ್ಕು ಮನುಷ್ಯರಲ್ಲಿ ಯಾರಿಗೂ ಇಲ್ಲವೆಂಬ ಭಾವನೆ. ಹಗ್ಗ ಭಾರವಾಗುವುದು, ಒಂದೇ ಮನೆಯವರು ಎಂದೆಂದಿಗೂ ಕೂತು ಇನ್ನೊಂದೇ ಮನೆಯವರು ಎಂದೆಂದಿಗೂ ಎಳೆಯಬೇಕೆಂದಾದಾಗ. ಮತ್ತು ಕೂತವರಿಗೆ ಅದು ತಾನಾಗಿ ಜಾರುತ್ತಿದೆ ಎಂದು ತೋರತೊಡಗಿದಾಗ.

ಟಾಲ್‌ಸ್ಟಾಯ್ ಕಥೆಯ ಕೊನೆಯನ್ನು ಬಲ್ಲವರು ಬಲ್ಲರು. ಹಿಮದಲ್ಲಿ ದಾರಿ ತಪ್ಪಿದ ಯಜಮಾನ ಮೊದಲು ಆಳನ್ನು ಬಿಟ್ಟು ಕುದುರೆಯೇರಿ ಓಡಿಹೋಗುತ್ತಾನೆ. ಸುತ್ತಿ ಸುತ್ತಿ ಮತ್ತೆ ಅಲ್ಲಿಗೇ ಬರುತ್ತಾನೆ. ಹೆಪ್ಪುಗಟ್ಟುತ್ತಿದ್ದ ನಿಕೀತನ ಮೇಲೆ ತನ್ನ ತುಪ್ಪಳದ ಕೋಟಿನೊಡನೆ ತಾನೇ ಹೊದಿಕೆಯಾಗಿ ಮಲಗುತ್ತಾನೆ. ಬೆಳಗಾಗುವಷ್ಟರಲ್ಲಿ ಯಜಮಾನ ತೀರಿಕೊಂಡಿರುತ್ತಾನೆ, ಆಳು ಬದುಕಿರುತ್ತಾನೆ. ಜೀವಮಾನವೆಲ್ಲ ಕುಳಿತವನು ಕೊನೆಯ ರಾತ್ರಿ ತನ್ನ ಸರದಿಯನ್ನು ವಹಿಸಿಕೊಂಡ. ತರಗತಿಯಲ್ಲಿ ನಾನು ಇದನ್ನು ಭಾವಪೂರ್ಣವಾಗಿಯೇ ಹೇಳಿದೆ. ಮುಂದಿನ ಬೆಂಚಿನಲ್ಲಿ ಒಂದಿಬ್ಬರ ಕಣ್ಣೂ ಒದ್ದೆಯಾಯಿತು.

ಮೊನ್ನೆ ಬಿ.ಸಿ. ರೋಡಿನಿಂದ ಮನೆಗೆ ಬಂದವನು ಆ ಕಥೆಯನ್ನು ಮತ್ತೊಮ್ಮೆ ತೆರೆದು ಓದಿದೆ. ಮುಹೋರ್ತಿ ಎಂಬ ಕುದುರೆಯೊಂದು ಅದರಲ್ಲಿದೆ. ಇಬ್ಬರನ್ನೂ ಎಳೆದು ದಣಿದ ಅದು ಜಾರುಬಂಡಿಯ ಬಳಿಯಲ್ಲೇ ನಿಂತಲ್ಲಿಯೇ ಹೆಪ್ಪುಗಟ್ಟಿ ಸತ್ತಿರುತ್ತದೆ. ಟಾಲ್‌ಸ್ಟಾಯ್ ಅದನ್ನು ಮರೆಯದೆ ಹೆಸರಿಟ್ಟು ಬರೆದಿದ್ದಾನೆ. ತರಗತಿಯಲ್ಲಿ ಅದರ ಮಾತೆತ್ತಲು ನಾನು ಮರೆತಿದ್ದೆ.